ಸ್ಪೋರ್ಟ್ ಟೂರಿಂಗ್‌ಗೆ 47 ಪಿಎಸ್ ಸಾಕೋ, ಸಾಲದೋ? ದಾವಣಗೆರೆ, ದುರ್ಗದ ರೈಡರ್‌ಗಳು ಬನ್ನಿ

ಪಿಬಿರೋಡ್_ಪಿಸ್ಟನ್ · ಬೆಳಿಗ್ಗೆ 7:40

“ನೂರು ಪಿಎಸ್ ಇಲ್ದಿದ್ರೆ ಅದು ಸ್ಪೋರ್ಟ್ ಟೂರರ್ರೇ ಅಲ್ಲ” ಅನ್ನೋ ಮಾತು ಊರಲ್ಲಿ ಜೋರಾಗಿದೆ. (ಪಿಎಸ್ ಅಂದ್ರೆ ಎಂಜಿನ್ ಪವರಿನ ಅಳತೆ, ಸ್ಪೋರ್ಟ್ ಟೂರರ್ ಅಂದ್ರೆ ಜೋರಾಗಿ ದೂರ ಹೋಗೋಕೆ ಮಾಡಿದ ಬೈಕು.) ಲೆಕ್ಕ ಇಡ್ತೀನಿ, ತಪ್ಪಿದ್ರೆ ತೋರಿಸಿ.

ಬೈಕು 200 ಕೆಜಿ, ಇಬ್ಬರು ಸೇರಿ 140, ಸಾಮಾನು 20. ಒಟ್ಟು 360. ಎದೆ ಕೊಟ್ಟು ನೇರ ಕೂತು ಓಡಿಸೋ ಬೈಕಿಗೆ ಡ್ರ್ಯಾಗ್ (ಗಾಳಿಯ ತಡೆ) ಅಂಕಿ ಗುಣಿಸು ಎದುರಿನ ವಿಸ್ತೀರ್ಣ ಸುಮಾರು 0.6 ಚದರ ಮೀಟರ್. ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸು, ಅದಕ್ಕೆ ಗಾಳಿಯ ಸಾಂದ್ರತೆ 1.1 ಹಿಡಿದಿದ್ದೀನಿ. ಟೈರ್ ಉರುಳೋ ಪ್ರತಿರೋಧ ಸೇರಿಸಿದೆ. ಚೈನು, ಗೇರ್‌ಬಾಕ್ಸಿಗೆ 10% ಕಳೆದೆ. ಸಮತಟ್ಟು ರಸ್ತೆ, ಗಾಳಿ ಇಲ್ಲ ಅಂದ್ರೆ ಎಂಜಿನ್ ಕೊಡಬೇಕಾದ್ದು:

ಗಂಟೆಗೆ 80 ಕಿ.ಮೀ.ಗೆ 7.6 ಪಿಎಸ್. ನೂರಕ್ಕೆ 13. 120ಕ್ಕೆ 22. 140ಕ್ಕೆ 33. 160ಕ್ಕೆ 48.

ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಕೊಡೋದು 47. ಬೆಂಗಳೂರು ರೋಡಲ್ಲಿ ಇಬ್ಬರು ಕೂತು 100–110ರಲ್ಲಿ ಹೋಗೋರಿಗೆ ಅರ್ಧಕ್ಕರ್ಧ ಉಳಿಯುತ್ತೆ. 142 ಪಿಎಸ್‌ನ ನಿಂಜಾ ಓಡಿಸೋರು ಉಳಿದ 95 ಪಿಎಸ್ ಎಲ್ಲಿ ಖರ್ಚು ಮಾಡ್ತೀರಿ?

ಬೆಣ್ಣೆದೋಸೆ_1000 · 8:05

“ಅರ್ಧಕ್ಕರ್ಧ ಉಳಿಯುತ್ತೆ.” ಅಲ್ಲ ಗುರೂ, ಉಳಿಯೋದೇ ಮುಖ್ಯ! ನೂರರಲ್ಲಿ ಹಿಡಿದಿಡೋದಕ್ಕೆ ಬೈಕ್ ಯಾಕೆ ಬೇಕು, ಬಸ್ಸಲ್ಲಿ ಹೋಗ್ರಿ. ಎದುರಿಗೆ ಮೆಕ್ಕೆಜೋಳದ ಲಾರಿ, ಅದರ ಹಿಂದೆ ಇನ್ನೊಂದು ಲಾರಿ, ನಡುವೆ ಜಾಗ ಇಲ್ಲ. ಅಲ್ಲಿ ಬೇಕು ಪವರ್. ಕವಾಸಾಕಿ ನಿಂಜಾ 1000ಎಸ್‌ಎಕ್ಸ್: 142 ಪಿಎಸ್, ಟಾರ್ಕ್ (ತಿರುಗಿಸೋ ಬಲ) 111 ಎನ್‌ಎಂ, 238 ಕೆಜಿ. ಆರನೇ ಗೇರಲ್ಲೇ ಕೈ ತಿರುಗಿಸಿದ್ರೆ ಮುಗೀತು. ನಿಮ್ಮ 650 ಎರಡು ಗೇರ್ ಇಳಿಸಿ, ಎರಡು ಸಲ ಯೋಚನೆ ಮಾಡ್ಬೇಕು.

ಪಿಬಿರೋಡ್_ಪಿಸ್ಟನ್ · 8:31

ಓವರ್‌ಟೇಕ್ ತಾನೆ? ತಗೊಳ್ಳಿ. ಚನ್ನಗಿರಿ ರೋಡ್, ಎರಡೇ ಲೇನು, ಮುಂದೆ ಕಬ್ಬಿನ ಟ್ರ್ಯಾಕ್ಟರ್. 50ರಿಂದ 90ಕ್ಕೆ ಏರಬೇಕು. 360 ಕೆಜಿಗೆ ಬೇಕಾದ ಶಕ್ತಿ ಸುಮಾರು 78 ಕಿಲೋಜೂಲ್. ಸರಿಯಾದ ಗೇರಲ್ಲಿ, ಎಂಜಿನ್ ತನ್ನ ಪೂರ್ತಿ ಪವರ್ ಹತ್ತಿರ ಇದ್ರೆ:

21 ಪಿಎಸ್‌ನ ಪಲ್ಸರ್ 220ಗೆ 8 ಸೆಕೆಂಡ್ ಚಿಲ್ಲರೆ. 47ಕ್ಕೆ 3 ಸೆಕೆಂಡ್. 142ಕ್ಕೆ ಕಾಗದದ ಮೇಲೆ 0.9. ಆದ್ರೆ ಆ 0.9 ಬರೋಲ್ಲ. ಅಷ್ಟು ಎಳೆದ್ರೆ ಮುಂಚಕ್ರ ಏಳುತ್ತೆ, ಹಿಂದೆ ಒಬ್ಬರು ಕೂತಿದ್ರೆ ಇನ್ನೂ ಬೇಗ ಏಳುತ್ತೆ. 1.3ಕ್ಕಿಂತ ಕೆಳಗೆ ಇಳಿಯೋಲ್ಲ.

ಅಂದ್ರೆ 21ರಿಂದ 47ಕ್ಕೆ ಬಂದ್ರೆ 5 ಸೆಕೆಂಡ್ ಉಳೀತು. 47ರಿಂದ 142ಕ್ಕೆ ಹೋದ್ರೆ ಎರಡು ಸೆಕೆಂಡೂ ಪೂರ್ತಿ ಉಳಿಯಲ್ಲ.

ಬೆಣ್ಣೆದೋಸೆ_1000 · 8:40

“ಮುಂಚಕ್ರ ಏಳುತ್ತೆ” ಅಂತೆ. ಟ್ರ್ಯಾಕ್ಷನ್ ಕಂಟ್ರೋಲ್ ಯಾತಕ್ಕೆ ಐತೆ ಸಾಮಿ? ಆ ಬೈಕಲ್ಲಿ ಐಎಂಯು (ಬೈಕ್ ಎಷ್ಟು ವಾಲ್ತು, ಎಷ್ಟು ಏಳ್ತು ಅಂತ ಅಳೆಯೋ ಸೆನ್ಸರ್) ಐತೆ, ಮೋಡ್ ಐತೆ, ರೇನ್ ಮೋಡ್ ಹಾಕಿದ್ರೆ ತಾನೇ ಪವರ್ ಕಮ್ಮಿ ಮಾಡ್ಕೊಳ್ತೈತೆ. ಇಂಟರ್‌ಸೆಪ್ಟರ್‌ನಲ್ಲಿ ಏನೈತೆ? ಎರಡು ಗಡಿಯಾರದಂಥ ಮೀಟ್ರು.

ಪಿಬಿರೋಡ್_ಪಿಸ್ಟನ್ · 8:44

ಪವರ್ ಕಮ್ಮಿ ಮಾಡೋದಕ್ಕೆ ದುಡ್ಡು ಕೊಟ್ಟು ಪವರ್ ಜಾಸ್ತಿ ತಗೋಬೇಕು ಅಂತಾಯ್ತು.

ದುರ್ಗದ_ಗಾಳಿ · 9:10

ಪಿಸ್ಟನ್ ಅಣ್ಣ, “ಸಮತಟ್ಟು ರಸ್ತೆ, ಗಾಳಿ ಇಲ್ಲ” ಅಂದ್ಯಲ್ಲ, ಅಲ್ಲೇ ಬಿದ್ದೆ. ದುರ್ಗದ ಗುಡ್ಡದ ಮೇಲೆ ಆ ಗಾಳಿಯಂತ್ರಗಳನ್ನ ಚಂದಕ್ಕೆ ನೆಟ್ಟವ್ರೆ ಅಂದ್ಕೊಂಡ್ಯಾ? ಆಷಾಢದಲ್ಲಿ ದುರ್ಗದಿಂದ ದಾವಣಗೆರೆ ಕಡೆ ಮುಖ ಮಾಡಿ ಹೊರಡು, ಗೊತ್ತಾಗ್ತದೆ.

30 ಕಿ.ಮೀ. ಎದುರುಗಾಳಿ ಹಾಕು. ನೂರರಲ್ಲಿ ಹೋಗ್ತಾ ಇದ್ರೆ ಗಾಳಿಗೆ ನೀನು 130. ನಿನ್ನ 13 ಪಿಎಸ್ ಆಗಲೇ 20 ದಾಟ್ತು. ಎರಡು ಪಕ್ಕ ಪ್ಯಾನಿಯರ್ (ಸಾಮಾನಿನ ಪೆಟ್ಟಿಗೆ) ಕಟ್ಟು, 0.6 ಹೋಗಿ 0.7 ಆಯ್ತು, ಲೆಕ್ಕ 24ರ ಹತ್ತಿರ ಬಂತು. 3% ಏರು ಸೇರಿಸು, ಇನ್ನು ನಾಲ್ಕೂವರೆ. ಒಟ್ಟು 28. ಬರೀ ನೂರು ಹಿಡಿದಿಡೋಕೆ, ಒಂದು ಬಸ್ಸನ್ನೂ ದಾಟದೇ.

ಆರನೇ ಗೇರಲ್ಲಿ 4000 ಆರ್‌ಪಿಎಂ ಅಂದ್ಕೋ. 45 ಎನ್‌ಎಂ ಸಿಕ್ಕಿದ್ರೆ 45 ಗುಣಿಸು 4000 ಭಾಗಿಸು 9549, ಬಂದದ್ದು ಸುಮಾರು 19 ಕಿಲೋವ್ಯಾಟ್, ಅಂದ್ರೆ 25.6 ಪಿಎಸ್. ಬೇಕಾದ್ದು 28. ಆರನೇ ಗೇರಲ್ಲಿ ಗಾಡಿ ತಾನೇ ನಿಧಾನ ಆಗ್ತದೆ ಕಣ್ರೀ. ಟೂರರ್‌ಗೆ 70 ಬೇಕು. ವರ್ಸಿಸ್ 650 ನೋಡು, 66. ವಿ-ಸ್ಟ್ರಾಮ್ 650, 71. ಕಂಪನಿಯವರು ದಡ್ಡರಲ್ಲ.

ಹರಿಹರ_ಹೈವೇ · 9:22

“ಎದುರುಗಾಳಿ” ಪದ ತಪ್ಪು. ಆಷಾಢದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತೆ. ರಾಷ್ಟ್ರೀಯ ಹೆದ್ದಾರಿ 48 ದುರ್ಗದಿಂದ ದಾವಣಗೆರೆಗೆ ವಾಯವ್ಯಕ್ಕೆ ಹೋಗುತ್ತೆ. ಅದು ಓರೆಗಾಳಿ. 45 ಡಿಗ್ರಿ ಅಂದ್ರೂ ಎದುರಿಂದ ಬರೋ ಪಾಲು 21 ಮಾತ್ರ, 30 ಅಲ್ಲ. ಇನ್ನೊಂದು: ಇಲ್ಲಿ ಪಿಎಸ್ ಬರೀತಾ ಮನಸ್ಸಲ್ಲಿ ಬಿಎಚ್‌ಪಿ ಓದೋರಿದ್ದಾರೆ. 47 ಪಿಎಸ್ ಅಂದ್ರೆ 46.4 ಬಿಎಚ್‌ಪಿ.

ದುರ್ಗದ_ಗಾಳಿ · 9:25

ಓರೆಗಾಳಿ ಇನ್ನೂ ಕೆಟ್ಟದ್ದು. ಪ್ಯಾನಿಯರ್ ಅಗಲಕ್ಕೆ ಹೊಡೀತದೆ. ಬಿಎಚ್‌ಪಿ ಪಾಠ ಬೇರೆ ಕಡೆ ಮಾಡು.

ಹಳೇ_ಟೂಸ್ಟ್ರೋಕ್ · 9:58

ಮಕ್ಕಳೇ, ಒಂದು ಮಾತು ಯಾರೂ ಹೇಳಲಿಲ್ಲ. 2018ರ ಕೇಂದ್ರದ ಅಧಿಸೂಚನೆ ಪ್ರಕಾರ ನಾಲ್ಕು ಲೇನಿನ ರಸ್ತೆಯಲ್ಲಿ ಮೋಟಾರ್‌ಸೈಕಲ್‌ಗೆ ಮಿತಿ 80. ಎಕ್ಸ್‌ಪ್ರೆಸ್‌ವೇ ಆದರೂ 80. ಮೈಸೂರು ದಶಪಥಕ್ಕಂತೂ 2023ರ ಆಗಸ್ಟ್‌ನಿಂದ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ. ಪಿಸ್ಟನ್ ಲೆಕ್ಕದಲ್ಲೇ 80ಕ್ಕೆ 7.6 ಪಿಎಸ್.

1976ರಲ್ಲಿ ಬಿಎಂಡಬ್ಲ್ಯೂ ಆರ್100ಆರ್‌ಎಸ್ ಬಂತು. ಪೂರ್ತಿ ಫೇರಿಂಗ್ (ಗಾಳಿ ತಡೆಯುವ ಕವಚ) ಹೊದ್ದು, ಕೂತು ದೂರ ಹೋಗೋಕೆ ಮಾಡಿದ ಗಾಡಿ. 70 ಪಿಎಸ್. ಅದರಲ್ಲಿ ಯುರೋಪನ್ನು ಅಡ್ಡಡ್ಡ ದಾಟಿದರು. ಫ್ರಾನ್ಸ್‌ನಲ್ಲಿ 2016ರ ತನಕ 100 ಹಾರ್ಸ್‌ಪವರ್‌ಗಿಂತ ಮೇಲಿನ ಬೈಕು ಮಾರುವ ಹಾಗೇ ಇರಲಿಲ್ಲ. ಅಲ್ಲಿಯವರು ಟೂರಿಂಗ್ ಬಿಟ್ಟಿದ್ದರಾ?

ಬೆಣ್ಣೆದೋಸೆ_1000 · 10:03

“80ಕ್ಕೆ 7.6.” ಸ್ಪ್ಲೆಂಡರ್ 8 ಪಿಎಸ್ ಐತೆ ತಾತ. ಹಂಗಾದ್ರೆ ಅದಕ್ಕೇ ಪ್ಯಾನಿಯರ್ ಕಟ್ಸಿ ಟೂರರ್ ಅನ್ರಿ, ಚರ್ಚೆ ಮುಗೀತು.

ಫ್ರಾನ್ಸು 2016ರಲ್ಲಿ ಆ ಮಿತಿ ತೆಗೆದಿದ್ದನ್ನ ಮಾತ್ರ ನುಂಗ್ಬಿಟ್ರಿ.

ಹಳೇ_ಟೂಸ್ಟ್ರೋಕ್ · 10:15

ತೆಗೆದದ್ದು ಯುರೋಪಿಗೆಲ್ಲ ಒಂದೇ ನಿಯಮ ಬಂತು ಅಂತ. ನೂರು ಸಾಲಲಿಲ್ಲ ಅಂತ ಅಲ್ಲ.

ಬೆಣ್ಣೆದೋಸೆ_1000 · 10:16

ಅದೇ ಯುರೋಪಲ್ಲಿ 48 ಪಿಎಸ್ ಎ2 ಲೈಸೆನ್ಸಿನ ಮಿತಿ. ಪೂರ್ತಿ ಲೈಸೆನ್ಸ್ ಇಲ್ಲದ ಹುಡುಗ್ರಿಗೆ ಕೊಡೋದು. ಇಂಟರ್‌ಸೆಪ್ಟರ್ 47. ಕೂಡಿಸಿ ಕಳೀರಿ.

ಹಿಂದಿನ_ಸೀಟು · 10:50

ಅಣ್ಣಂದಿರೇ, ಪಿಎಸ್ ಎಷ್ಟಾದ್ರೂ ಇರಲಿ, ಹಿಂದೆ ಕೂತವರ ಬೆನ್ನು ಯಾರ ಲೆಕ್ಕದಲ್ಲೂ ಇಲ್ಲ. ಇಬ್ಬರು ಕೂರೋ ಮುಂಚೆ ಹಿಂದಿನ ಶಾಕ್‌ನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಏರಿಸೋರು ಎಷ್ಟು ಜನ? ಸಿ-ಸ್ಪ್ಯಾನರ್ ಟೂಲ್ ಕಿಟ್ಟಿನಲ್ಲೇ ಬರುತ್ತೆ. ಎರಡೂ ಶಾಕ್ ಒಂದೇ ಮೆಟ್ಟಿಲಲ್ಲಿ ಇರಬೇಕು, ಒಂದು ಮೂರರಲ್ಲಿ ಒಂದು ಐದರಲ್ಲಿ ಬಿಟ್ಟರೆ ತಿರುವಿನಲ್ಲಿ ಗಾಡಿ ಓಲಾಡುತ್ತೆ. ಟೈರ್ ಗಾಳಿ ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ, ಸ್ಟಿಕರ್ ನೋಡಿ. ಟಾಪ್ ಬಾಕ್ಸಿನಲ್ಲಿ 10 ಕೆಜಿ ತುಂಬಿದರೆ ಅದು ಹಿಂದಿನ ಆ್ಯಕ್ಸಲ್‌ಗಿಂತಲೂ ಆಚೆ ಕೂರುತ್ತೆ, ಮುಂಚಕ್ರ ಹಗುರ ಆಗುತ್ತೆ. ದುರ್ಗದ ಓರೆಗಾಳಿಯಲ್ಲಿ ಹ್ಯಾಂಡಲ್ ನಡುಗೋದು ಪವರ್ ಕಮ್ಮಿ ಅಂತಲ್ಲ, ಭಾರ ತಪ್ಪು ಜಾಗದಲ್ಲಿದೆ ಅಂತ.

ಬೆಣ್ಣೆದೋಸೆ_1000 · 10:58

“ಪಿಎಸ್ ಎಷ್ಟಾದ್ರೂ ಇರಲಿ.” ಸರಿ ಅಕ್ಕ, 142 ಇರಲಿ ಅಂದಂಗಾಯ್ತು.

ಚನ್ನಗಿರಿ_ಚೈನ್ · 11:20

ಗಾಳಿ ಸಾಹೇಬ್ರು 4000 ಆರ್‌ಪಿಎಂ ಅಂದ್ರು. ಅದೇ ಜಾಸ್ತಿ. ಮುಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲುಚಕ್ರ) 15 ಹಲ್ಲಿನದು ತೆಗೆದು 16ರದು ಹಾಕಿ. 4000 ಹೋಗಿ 3750 ಆಗುತ್ತೆ. ಕೈ ಜೋಮು ಕಮ್ಮಿ, ಪೆಟ್ರೋಲ್ ಕಮ್ಮಿ. ಸ್ಪ್ರಾಕೆಟ್ ಒಂದಕ್ಕೆ ದುಡ್ಡು, ಅರ್ಧ ಗಂಟೆ ಕೆಲಸ. ಟೂರಿಂಗ್‌ಗೆ ಬೇಕಾಗಿದ್ದು ಪಿಎಸ್ ಅಲ್ಲ, ಗೇರಿಂಗ್.

ದುರ್ಗದ_ಗಾಳಿ · 11:26

3750! ನಾನು 28 ಬೇಕು, 25.6 ಐತೆ ಅಂದೆ. ನೀನು ಅದನ್ನೂ 24ಕ್ಕೆ ಇಳಿಸಿದೆ. ಒಂದು ಹಲ್ಲು ಜಾಸ್ತಿ ಮಾಡಿದ್ರೆ ಹಿಂದಿನ ಚಕ್ರದ ಎಳೆತ ಎಲ್ಲಾ ಗೇರಲ್ಲೂ 6.25% ಬೀಳ್ತದೆ ಕಣಪ್ಪ. ಗಾಳಿಗೆ ಆರನೇ ಗೇರ್ ಸತ್ತೇ ಹೋಯ್ತು. ಐದು ಗೇರಿನ ಬೈಕ್ ಮಾಡ್ಕೊಂಡಂಗೆ.

ಪಿಬಿರೋಡ್_ಪಿಸ್ಟನ್ · 11:30

ಗೇರ್ ಇಳಿಸೋಕೆ ಕಾಲಿಗೆ ಏನಾಗಿದೆ? ಐದನೇದರಲ್ಲಿ ಆರ್‌ಪಿಎಂ ಏರುತ್ತೆ, ಪವರ್ ಏರುತ್ತೆ. 47 ಇರೋದು ಅದಕ್ಕೇ. 28 ಬೇಕು ಅಂತ ನೀವೇ ಲೆಕ್ಕ ಕೊಟ್ಟಿದ್ದೀರಿ, 47 ಅದಕ್ಕಿಂತ ದೊಡ್ಡದು ತಾನೆ?

ದುರ್ಗದ_ಗಾಳಿ · 11:31

7250 ಆರ್‌ಪಿಎಂಗೆ ಏರಿಸಿ ದುರ್ಗದಿಂದ ದಾವಣಗೆರೆ ತನಕ ಅರಚಿಸ್ಕೊಂಡು ಹೋಗು. ಅದಕ್ಕೆ ಟೂರಿಂಗ್ ಅನ್ನಲ್ಲ.

ಹರಿಹರ_ಹೈವೇ · 11:38

6.25 ಅಲ್ಲ, 6.67. 16 ಭಾಗಿಸು 15 ಅಂದ್ರೆ 1.0667.

ಚನ್ನಗಿರಿ_ಚೈನ್ · 11:41

ಅದೇ ಆರ್‌ಪಿಎಂಗೆ ವೇಗ 6.67% ಜಾಸ್ತಿ. ಅದೇ ವೇಗಕ್ಕೆ ಆರ್‌ಪಿಎಂ 6.25% ಕಮ್ಮಿ. ಎರಡೂ ಸರಿ. ಪ್ರಶ್ನೆ ಓದ್ಕೊಂಡು ಉತ್ತರ ಬರೀರಿ.

ಹರಿಹರ_ಹೈವೇ · 11:49

ಎರಡೂ ಸರಿ ಅಂದ ಮೇಲೆ ನನ್ನದೂ ಸರಿ. ಇನ್ನು “ಅರ್ಧ ಗಂಟೆ ಕೆಲಸ” ಅನ್ನೋದು ಸುಳ್ಳು. ಹಲ್ಲು ಜಾಸ್ತಿ ಆದ್ರೆ ಚೈನು ಸಾಲಲ್ಲ, ಎರಡು ಲಿಂಕು ಸೇರಿಸಬೇಕು. ಇಲ್ದಿದ್ರೆ ಹಿಂದಿನ ಚಕ್ರ 8 ಮಿ.ಮೀ. ಮುಂದೆ ಬರುತ್ತೆ, ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗ ಇರಲ್ಲ.

ಚನ್ನಗಿರಿ_ಚೈನ್ · 12:02

8 ಅಲ್ಲ, 4.

520 ಸೈಜಿನ ಚೈನಿನ ಒಂದು ಪಿಚ್, ಅಂದ್ರೆ ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ದೂರ, 15.875 ಮಿ.ಮೀ. ಹದಿನಾರನೇ ಹಲ್ಲು ಸೇರಿದ್ರೆ ಸ್ಪ್ರಾಕೆಟ್ಟಿನ ಸುತ್ತಳತೆ ಒಂದು ಪಿಚ್ ಜಾಸ್ತಿ. ಚೈನು ಸುತ್ತೋದು ಅರ್ಧ ಸುತ್ತು, ಹಾಗಾಗಿ ಅರ್ಧ ಪಿಚ್ ಜಾಸ್ತಿ ಬೇಕು, ಅಂದ್ರೆ 8 ಮಿ.ಮೀ. ಚೈನು. ಆ 8ನ್ನ ಮೇಲಿನ ಓಟ, ಕೆಳಗಿನ ಓಟ ಎರಡೂ ಹಂಚಿಕೊಳ್ಳುತ್ತೆ. ಆ್ಯಕ್ಸಲ್ 4 ಮುಂದೆ ಬಂದ್ರೆ ಎರಡೂ ಕಡೆ 4, 4. ಮುಗೀತು. ಲಿಂಕ್ ಸೇರಿಸೋದು ಬೇಡ. ಹೊಸ ಚೈನಾಗಿದ್ದು ಅಡ್ಜಸ್ಟರ್ ಆಗಲೇ ಮೊದಲ ಗೆರೆಯಲ್ಲಿದ್ರೆ ಮಾತ್ರ ತೊಂದರೆ. ನಾಲ್ಕೈದು ಸಾವಿರ ಕಿ.ಮೀ. ಓಡಿದ ಚೈನಿಗೆ ಜಾಗ ಇದ್ದೇ ಇರುತ್ತೆ.

ಹರಿಹರ_ಹೈವೇ · 12:06

ನೀವೇ “8 ಮಿ.ಮೀ. ಚೈನು” ಅಂದ್ರಲ್ಲ. ನಾನೂ ಅದನ್ನೇ ಹೇಳಿದ್ದು.

ಚನ್ನಗಿರಿ_ಚೈನ್ · 12:07

ನೀವು ಹೇಳಿದ್ದು ಚಕ್ರ 8 ಮುಂದೆ ಬರುತ್ತೆ ಅಂತ.

ಬೆಣ್ಣೆದೋಸೆ_1000 · 12:15

ಮಜಾ ಐತೆ. ಪವರ್ ಸಾಕು ಸಾಕು ಅಂತ ಬೆಳಿಗ್ಗೆಯಿಂದ ಕೂಗಿದೋರು ಈಗ ಹಲ್ಲು ಎಣಿಸ್ತಾ ಕೂತವ್ರೆ. ಇರೋ ಪವರ್ ಸಾಲ್ತಿದ್ರೆ ಸ್ಪ್ರಾಕೆಟ್ ಯಾಕೆ ಮುಟ್ತೀರಿ?

ಪಿಬಿರೋಡ್_ಪಿಸ್ಟನ್ · 12:18

16 ಹಾಕೋದು ಪವರ್ ಸಾಲದೇ ಅಲ್ಲ, ಹೆಚ್ಚಾಗಿದೆ ಅಂತ. ಸಾಲದವರು 14 ಹಾಕ್ತಾರೆ. ಇಷ್ಟು ಗೊತ್ತಿಲ್ದೇ 142 ಓಡಿಸ್ತೀರಾ?

ಬೆಣ್ಣೆದೋಸೆ_1000 · 12:19

ಏನಂದ್ರಿ? 142 ಓಡಿಸೋರಿಗೆ ಹಲ್ಲು ಎಣಿಸೋ ದರಿದ್ರ ಬಂದಿಲ್ಲ. 47 ಇಟ್ಕೊಂಡು ಲೆಕ್ಕದ ಪುಸ್ತಕ ಹಿಡ್ಕೊಂಡು ಓಡಾಡ್ರಿ, ಯಾರು ಬೇಡ ಅಂದ್ರು. ಸಿಗ್ನಲ್ ಹಸಿರು ಬಿದ್ದಾಗ ಪುಸ್ತಕ ತೆಗೆದು ನೋಡ್ಕೊಳ್ರಿ.

ಹಿಂದಿನ_ಸೀಟು · 12:24

ಸಿಗ್ನಲ್ ಅಂದ್ರಲ್ಲ ಅಣ್ಣ, ಏಪ್ರಿಲ್ ಮಧ್ಯಾಹ್ನ ಪಿ.ಬಿ. ರೋಡಿನ ಸಿಗ್ನಲ್‌ನಲ್ಲಿ ಸಾವಿರ ಸಿಸಿ ನಾಲ್ಕು ಸಿಲಿಂಡರ್ ಫ್ಯಾನ್ ಶುರುವಾದ್ರೆ ಬಿಸಿಗಾಳಿ ಯಾರ ತೊಡೆಗೆ ಬರುತ್ತೆ ಅಂತಲೂ ಬರೀರಿ.

ಬೆಣ್ಣೆದೋಸೆ_1000 · 12:25

ರೈಡಿಂಗ್ ಪ್ಯಾಂಟ್ ಹಾಕ್ಕೊಳ್ಳಿ.

ಹಳೇ_ಟೂಸ್ಟ್ರೋಕ್ · 12:40

16 ಅಂತ ಇಷ್ಟು ಸಲೀಸಾಗಿ ಹೇಳಿದ್ದೀರಿ. ಅದು ಸಮಸಂಖ್ಯೆ, ಗಮನಿಸಿದಿರಾ? ಚೈನಿನಲ್ಲಿ ಒಳಲಿಂಕು, ಹೊರಲಿಂಕು ಒಂದಾದ ಮೇಲೊಂದು ಬರುತ್ತವೆ. ಚೈನಿನ ಒಟ್ಟು ಲಿಂಕೂ ಸಮಸಂಖ್ಯೆಯೇ. ಸ್ಪ್ರಾಕೆಟ್‌ನಲ್ಲಿ ಹಲ್ಲು ಬೆಸಸಂಖ್ಯೆ ಇದ್ದರೆ ಪ್ರತಿ ಸುತ್ತಿಗೂ ಒಂದು ಹಲ್ಲಿಗೆ ಒಳಲಿಂಕು, ಮುಂದಿನ ಸುತ್ತಿಗೆ ಹೊರಲಿಂಕು ಸಿಗುತ್ತೆ, ಸವೆತ ಹಂಚಿಹೋಗುತ್ತೆ. ಸಮಸಂಖ್ಯೆ ಆದರೆ ಆ ಹಲ್ಲಿಗೆ ಜನ್ಮವಿಡೀ ಒಂದೇ ಬಗೆ ಲಿಂಕು. ಒಂದು ಬಿಟ್ಟು ಒಂದು ಹಲ್ಲು ಸವೆಯುತ್ತೆ. ಕಂಪನಿಯವರು 15 ಕೊಟ್ಟದ್ದು ಸುಮ್ಮನೆ ಅಲ್ಲ.

ಚನ್ನಗಿರಿ_ಚೈನ್ · 12:52

ಪುಸ್ತಕದ ಮಾತು ಸರಿ. ರೋಡಲ್ಲಿ ಯಾರಿಗೂ ಕಾಣಲ್ಲ. ನಿಂಜಾ 300 ಫ್ಯಾಕ್ಟರಿಯಿಂದಲೇ 14/42, ಅಂದ್ರೆ ಮುಂದೆ 14, ಹಿಂದೆ 42 ಹಲ್ಲು. ಎರಡೂ ಸಮ, ಅದೂ ಸರಿಯಾಗಿ ಮೂರರ ಲೆಕ್ಕ. ಕವಾಸಾಕಿಯವರಿಗೆ ಹೇಳಿ ಬನ್ನಿ.

ಸ್ಪ್ರಾಕೆಟ್ ಸಾಯೋದು ಸಮ–ಬೆಸಕ್ಕಲ್ಲ. ಚೈನ್ ಬಿಗಿಯಾಗಿದ್ದಕ್ಕೆ, ಒಣಗಿದ್ದಕ್ಕೆ, ಹಳೇ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿದ್ದಕ್ಕೆ.

ದುರ್ಗದ_ಗಾಳಿ · 12:55

“ಹಳೇ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿದ್ದಕ್ಕೆ.” ನೀನೇ ತಾನೆ 12 ಗಂಟೆಗೆ “ನಾಲ್ಕೈದು ಸಾವಿರ ಓಡಿದ ಚೈನಿಗೆ ಜಾಗ ಇರುತ್ತೆ, ಹಾಕು” ಅಂದಿದ್ದು? ಈಗ ಅದೇ ತಪ್ಪು ಅಂತೀಯ. ಯಾವ ಬಾಯಲ್ಲಿ ಮಾತಾಡ್ತೀಯಪ್ಪ?

ಚನ್ನಗಿರಿ_ಚೈನ್ · 1:03

ನಾಲ್ಕೈದು ಸಾವಿರದ ಚೈನು ಹಳೇದಲ್ಲ. ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನನ್ನ ಬೆರಳಲ್ಲಿ ಹಿಂದಕ್ಕೆ ಎಳೀರಿ. ಅರ್ಧ ಹಲ್ಲು ಕಂಡ್ರೆ ಅದು ಹಳೇದು, ಸೆಟ್ಟೇ ಬದಲಾಯಿಸಿ. ಕಾಣದಿದ್ರೆ ಮುಂದಿನದೊಂದನ್ನೇ ಹಾಕಬಹುದು.

ಕೇಳಿದ್ದಕ್ಕೆ ಕೆಲಸವೂ ಹೇಳ್ತೀನಿ, ಯಾಕಂದ್ರೆ ಇಲ್ಲೇ ಎಲ್ಲರೂ ತಪ್ಪೋದು. ಹಿಂದಿನ ಆ್ಯಕ್ಸಲ್ ಸಡಿಲ ಮಾಡೋ ಮುಂಚೆ ಮುಂದಿನ ನಟ್ ಸಡಿಲ ಮಾಡಿ. ಚೈನು ಮೇಲೇ ಇರಲಿ, ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡೀಲಿ. ಲಾಕ್ ವಾಷರಿನ ಮಡಿಕೆಯನ್ನ ಮೊದಲು ಉಳಿಯಲ್ಲಿ ಬಿಡಿಸಿ, ಇಲ್ದಿದ್ರೆ ನಟ್ ಅಂಚು ಹರಿಯುತ್ತೆ. ಹೊಸ ಸ್ಪ್ರಾಕೆಟ್ ಕೂರಿಸಿ, ಹೊಸ ವಾಷರ್ ಹಾಕಿ. ಹಳೇದನ್ನ ಎರಡನೇ ಸಲ ಮಡಚಿದ್ರೆ ಅಲ್ಲೇ ಬಿರುಕು. ಚೈನು ಕೂರಿಸಿ, ಹಿಂಚಕ್ರ ಕೈಯಲ್ಲಿ ತಿರುಗಿಸಿ ಕವರ್‌ಗೆ, ಕ್ರ್ಯಾಂಕ್‌ಕೇಸಿಗೆ ಚೈನು ತಾಗ್ತಾ ಇದೆಯಾ ನೋಡಿ. ಒಂದು ಹಲ್ಲು ಅಂದ್ರೆ ಚೈನು ಎರಡೂವರೆ ಮಿ.ಮೀ. ಹೊರಗೆ ಬಂತು. ಆಮೇಲೆ ಟಾರ್ಕ್ ರೆಂಚಲ್ಲಿ ಮ್ಯಾನ್ಯುಯಲ್ ಅಂಕಿಗೆ ಬಿಗಿದು ವಾಷರ್ ಮಡಚಿ. ಇಂಪ್ಯಾಕ್ಟ್ ಗನ್ನಲ್ಲಿ ಗರ್ ಅನ್ನಿಸಿ ಬಿಟ್ರೆ ಅದು ಬಿಗಿದಂಗಲ್ಲ.

ಹಿಂದಿನ_ಸೀಟು · 1:15

ಚೈನ್ ಅಣ್ಣ, ಸಡಿಲ ಅಳೆಯೋದು ಬಿಟ್ರಿ. ಖಾಲಿ ಗಾಡಿಯಲ್ಲಿ ಅಳೆದು ಬಿಗಿ ಮಾಡಿದ್ರೆ ಇಬ್ಬರು ಕೂತಾಗ ಶಾಕ್ ಕುಗ್ಗಿ ಸ್ವಿಂಗ್‌ಆರ್ಮ್ (ಹಿಂಚಕ್ರ ಹಿಡಿದಿರೋ ತೋಳು) ಮೇಲಕ್ಕೆ ಬಂದು ಚೈನು ಇನ್ನೂ ಬಿಗಿಯಾಗುತ್ತೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಬೋಲ್ಟ್, ಹಿಂದಿನ ಆ್ಯಕ್ಸಲ್ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಅತಿ ಬಿಗಿ. ಆ ಸ್ಥಿತಿಯಲ್ಲೂ ಒಂದಿಷ್ಟು ಸಡಿಲ ಉಳಿದಿರಬೇಕು. ಇಲ್ದಿದ್ರೆ ಔಟ್‌ಪುಟ್ ಶಾಫ್ಟಿನ ಬೇರಿಂಗ್, ಆಯಿಲ್ ಸೀಲ್ ಹೋಗುತ್ತೆ. ಮುಂದಿನ ಸ್ಪ್ರಾಕೆಟ್ ಕವರಿನ ಕೆಳಗೆ ಎಣ್ಣೆ ತೊಟ್ಟಿಕ್ಕಿದ್ರೆ ಚೈನ್ ಲ್ಯೂಬ್ ಅಂತ ಒರೆಸಿ ಬಿಡಬೇಡಿ.

ಚನ್ನಗಿರಿ_ಚೈನ್ · 1:17

ಬರೆಯೋಕೆ ಜಾಗ ಇರಲಿಲ್ಲ, ಅದಕ್ಕೆ ಬಿಟ್ಟೆ.

ಪಿಬಿರೋಡ್_ಪಿಸ್ಟನ್ · 1:30

ಸ್ಪ್ರಾಕೆಟ್ಟಿಗೆ ಬೇರೆ ಜಾಗ ಮಾಡ್ಕೊಳ್ಳಿ ಸಾರ್. ನನ್ನ ಪ್ರಶ್ನೆ ಹಾಗೇ ಇದೆ. ಗಾಳಿ, ಪ್ಯಾನಿಯರ್, ಏರು ಎಲ್ಲ ಸೇರಿಸಿ ಗಾಳಿ ಸಾಹೇಬ್ರೇ ಕೊಟ್ಟ ಕೆಟ್ಟ ಲೆಕ್ಕ 28. 47ರಲ್ಲಿ ಇನ್ನೂ 19 ಇದೆ. ಆಗುಂಬೆ ಘಾಟಿ ಹತ್ತೋಕೆ? ಹೇರ್‌ಪಿನ್ ತಿರುವಿನಲ್ಲಿ 20 ಕಿ.ಮೀ. ವೇಗ, ಮೊದಲನೇ, ಎರಡನೇ ಗೇರು. 10% ಏರಲ್ಲಿ 360 ಕೆಜಿ ಎಳೆಯೋಕೆ 3 ಪಿಎಸ್ ಚಿಲ್ಲರೆ. ಅಲ್ಲಿ ಬೇಕಾಗಿರೋದು 2500ರಲ್ಲೇ ಸಿಗೋ ಟಾರ್ಕು. ಆ 650ಗೆ 2500ರಲ್ಲೇ 80% ಟಾರ್ಕ್ ಇದೆ ಅಂತ ಕಂಪನಿಯೇ ಹೇಳುತ್ತೆ.

ಹಳೇ_ಟೂಸ್ಟ್ರೋಕ್ · 1:36

“2500ರಲ್ಲೇ ಸಿಗೋ ಟಾರ್ಕು.” ಆಹಾ! ಟಾರ್ಕ್ ಅಂದರೆ ಎಂಜಿನ್‌ದಾ, ಚಕ್ರದ್ದಾ? ಗೇರ್ ಇದ್ದರೆ ಚಕ್ರಕ್ಕೆ ಬೇಕಾದಷ್ಟು ಟಾರ್ಕ್ ಮಾಡಿಕೊಳ್ಳಬಹುದು. ಮಾಡಿಕೊಳ್ಳಲಾಗದ್ದು ಪವರ್ ಒಂದೇ. ನಿಂಜಾ 300 ಎಂಜಿನ್‌ಗೆ 26 ಎನ್‌ಎಂ ಮಾತ್ರ, ಆದರೆ 39 ಪಿಎಸ್.

ದುರ್ಗದ_ಗಾಳಿ · 1:38

ನೋಡಿ, ತಾತನೇ ಪವರ್ ಬೇಕು ಅಂದ್ರು. ಬರ್ಕೊಳ್ಳಿ. 70.

ಹಳೇ_ಟೂಸ್ಟ್ರೋಕ್ · 1:40

ನಾನು 70 ಅನ್ನಲಿಲ್ಲ. 80 ಕಿ.ಮೀ. ಮಿತಿ ಅಂದೆ.

ಬೆಣ್ಣೆದೋಸೆ_1000 · 1:42

ತಾತ 70 ಪಿಎಸ್ ಆರ್100ಆರ್‌ಎಸ್ ಹೊಗಳಿದ್ದು ಬೆಳಿಗ್ಗೆ. ನಾನು ಹೇಳ್ತೀನಿ, 100 ಇಲ್ದೇ ಅದು ಟೂರರ್ ಅಲ್ಲ. ನಾನು ಇಳಿಯೋಲ್ಲ.

ದುರ್ಗದ_ಗಾಳಿ · 1:50

ಹಂಗಾದ್ರೆ ಹಯಾಬುಸಾ ತಗೋ, 190 ಐತೆ. ಯಾಕೆ ನೂರಕ್ಕೆ ನಿಂತೆ? ನಿನಗೂ ಒಂದು ಗೆರೆ ಐತೆ ಅಂತಾಯ್ತು. ನಿನ್ನ ಗೆರೆ ನೂರು, ನನ್ನ ಗೆರೆ ಎಪ್ಪತ್ತು, ಪಿಸ್ಟನ್‌ದು ನಲವತ್ತೇಳು. ಲೆಕ್ಕ ಕೊಟ್ಟೋರು ನಾವಿಬ್ರು, ನೀನು ಕೊಟ್ಟದ್ದು ಬ್ರೋಷರ್.

ಬೆಣ್ಣೆದೋಸೆ_1000 · 1:52

ಬ್ರೋಷರ್ ಕಂಪನಿ ಬರೆದದ್ದು. ನಿನ್ನ 0.7 ಯಾರು ಅಳೆದದ್ದು?

ಹಳೇ_ಟೂಸ್ಟ್ರೋಕ್ · 2:20

ಚೈನ್ ಅವರೇ, ಹಟ ಬಿಡುವುದಾದರೆ ಒಂದು ದಾರಿ ಹೇಳುತ್ತೇನೆ. ಮುಂದೆ 15 ಹಾಗೇ ಇರಲಿ, ಹಿಂದೆ 38 ತೆಗೆದು 36 ಹಾಕಿ. 15/36 ಅಂದರೆ 2.40. ನಿಮ್ಮ 16/38 ಅಂದರೆ 2.375. ಹೆಚ್ಚುಕಮ್ಮಿ ಅದೇ. ಬೆಸಸಂಖ್ಯೆಯೂ ಉಳಿಯಿತು, ಚೈನು ಕ್ರ್ಯಾಂಕ್‌ಕೇಸಿಗೆ ತಾಗುವ ಭಯವೂ ಇಲ್ಲ.

ಚನ್ನಗಿರಿ_ಚೈನ್ · 2:31

ಹಿಂದಿನ 38 ಮೊದಲಿಂದಲೂ ಸಮಸಂಖ್ಯೆನೇ ತಾತ. 36 ಕೂಡ ಸಮಸಂಖ್ಯೆ. ಬೆಳಿಗ್ಗೆಯಿಂದ ಕಾಣಿಸಲಿಲ್ವಾ?

ಹಳೇ_ಟೂಸ್ಟ್ರೋಕ್ · 2:33

ಹಿಂದಿನದಕ್ಕೆ ಹಲ್ಲು ಜಾಸ್ತಿ, ಸುತ್ತು ಕಮ್ಮಿ. ಅಲ್ಲಿ ನಡೆಯುತ್ತೆ.

ಚನ್ನಗಿರಿ_ಚೈನ್ · 2:34

ಅಲ್ಲಿ ನಡೆಯುತ್ತೆ, ಇಲ್ಲಿ ನಡೆಯಲ್ಲ. ಸರಿ.

ಹರಿಹರ_ಹೈವೇ · 2:47

ಒಂದು ನಿಮಿಷ. ಹಿಂದೆ ಎರಡು ಹಲ್ಲು ಕಮ್ಮಿ ಆದ್ರೆ ಒಂದು ಪಿಚ್ ಚೈನು ಉಳಿಯುತ್ತೆ. ಅರ್ಧ ಮೇಲೆ, ಅರ್ಧ ಕೆಳಗೆ. ಅಂದ್ರೆ ಚಕ್ರ ಜರುಗೋದು 7.94, ಅಂದ್ರೆ 8 ಮಿ.ಮೀ. ನಾನು 11:49ಕ್ಕೇ ಹೇಳಿದ್ದೆ.

ಚನ್ನಗಿರಿ_ಚೈನ್ · 2:48

ಅದು ಹಿಂದಕ್ಕೆ ಜರುಗೋದು ಸಾರ್.

ಹರಿಹರ_ಹೈವೇ · 2:49

8 ಹೌದೋ ಅಲ್ವೋ?